ಒದ್ದೆ ಚಾದರದ ಭಾರ

ಮಾರ್ಚ್ 3

ಬುಗುರಿಗೆ,

ನೀನು ಬಂದು ಹೋಗಿ ತಿಂಗಳು ದಾಟಿತು. ತಲುಪಿದ ಸುದ್ದಿ ಬರಲಿಲ್ಲ. ತಲುಪಿರುತ್ತೀಯ ಎಂದುಕೊಂಡೆ. ಫೋನಿನಲ್ಲಿ ಮಾತಾಡಲು ನನಗೆ ಈಗ ದನಿ ಹೊರಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ದಿನವೂ ಮಲಗುವ ಮುಂಚೆ ನಾಲ್ಕು ಸಾಲು ಬರೆದಿಡುವ ಅಭ್ಯಾಸ ಹೇಗೂ ಇದೆ. ಇದನ್ನೂ ಹಾಗೇ ಬರೆದರಾಯಿತು.

ನಿಮ್ಮಣ್ಣನ ಬೀಗದ ಅಂಗಡಿ ಇದ್ದ ಹಾಗೇ ಇದೆ. ಮನೆಯ ಮುಂದಿನ ಕೋಣೆಯೇ ಅಂಗಡಿಯಾದ್ದರಿಂದ ಜನ ಈಗಲೂ ಬಂದು ಬಾಗಿಲು ತಟ್ಟುತ್ತಾರೆ. ಅವರಿಲ್ಲ ಎನ್ನುತ್ತೇನೆ. "ಎಷ್ಟೊತ್ತಿಗೆ ಬರ್ತಾರೆ?" ಎಂದು ಕೇಳುತ್ತಾರೆ. ಅದಕ್ಕೆ ಏನು ಹೇಳಬೇಕೆಂದು ಇನ್ನೂ ಕಲಿತಿಲ್ಲ.

ಪಕ್ಕದ ಬೀದಿಯ ಬಡಗಿ ಕೆಲಸದ ಬೆಂಚನ್ನು ಕೊಳ್ಳುತ್ತೇನೆ ಎನ್ನುತ್ತಾನೆ. ಕೊಡುವ ಮೊದಲು ನೀನು ಬಂದು ಎರಡು ದಿನ ಇದ್ದು, ನಿನಗೆ ಬೇಕೆನಿಸಿದ್ದನ್ನು ತೆಗೆದುಕೊಳ್ಳಬೇಕು. ಅವರ ಒಡಹುಟ್ಟಿದವಳು ನೀನೊಬ್ಬಳೇ.

ಅವರು ಹೋದ ದಿನ ನೀನು ಗೋಡೆಗೆ ಒರಗಿ ನಿಂತೇ ಇದ್ದೆ. ಕೂತುಕೋ ಎಂದು ಎಷ್ಟು ಜನ ಹೇಳಿದರೂ ಕೂರಲಿಲ್ಲ. ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟೆ. ಎಲ್ಲರ ದುಃಖವೂ ಒಂದೇ ಥರ ಇರುವುದಿಲ್ಲ. ಅದನ್ನು ಕೇಳಲು ಈ ಪತ್ರ ಬರೆಯುತ್ತಿಲ್ಲ.

ನಿನ್ನ ಅತ್ತಿಗೆ


ಮಾರ್ಚ್ 17

ಅತ್ತಿಗೆಯವರಿಗೆ,

ಸದ್ಯ ಬರಲು ಆಗುವುದಿಲ್ಲ. ನಮ್ಮ ಲಾಂಡ್ರಿಯಲ್ಲಿ ರಜೆ ಕೇಳುವುದೂ ಒಂದೇ, ಮೇಲ್ವಿಚಾರಕರ ಕಿಡ್ನಿ ಕೇಳುವುದೂ ಒಂದೇ. ಹೋಟೆಲುಗಳೆಲ್ಲ ತುಂಬಿವೆ. ಚಾದರಗಳು ಬೆಟ್ಟದ ಹಾಗೆ ಬಂದು ಬೀಳುತ್ತಿವೆ.

ನಿಮಗೆ ನನ್ನ ಕೆಲಸ ಏನೆಂದು ಯಾವತ್ತೂ ಸರಿಯಾಗಿ ಹೇಳಿಲ್ಲ. ಮಿಷನ್ನಿಂದ ಒದ್ದೆ ಚಾದರಗಳು ಹಗ್ಗದ ಹಾಗೆ ಹೆಣೆದುಕೊಂಡು ಬರುತ್ತವೆ. ಆ ಗಂಟನ್ನು ಎಳೆದು, ಎತ್ತಿ, ಇಬ್ಬರು ಎರಡು ತುದಿ ಹಿಡಿದು ಒದರಿ, ಬಿಸಿ ರೋಲರಿಗೆ ಬಿಡಬೇಕು. ಕೂಲಿ ಒಬ್ಬೊಬ್ಬರಿಗಲ್ಲ, ಜೋಡಿಗೆ. ನನ್ನ ಜೋಡಿ ಕಂಬಕ್ಕ. ಎತ್ತರಕ್ಕೆ ಇಟ್ಟ ಹೆಸರು. ನಾನು ಕುಳ್ಳಿ. ಹಾಗಾಗಿ ಚಾದರ ಯಾವಾಗಲೂ ನನ್ನ ಕಡೆಗೆ ಇಳಿಜಾರು. ನೀರೆಲ್ಲ ನಿನ್ನ ಕಡೆಗೇ ಹರಿಯುತ್ತೆ, ಪುಣ್ಯವಂತೆ ಎಂದು ಅವಳ ತಮಾಷೆ.

ಒಂದು ಉಪಕಾರ ಮಾಡಿ. ಬೆನ್ನುನೋವು ಸ್ವಲ್ಪ ಹೆಚ್ಚಾಗಿದೆ. ಇಲ್ಲಿ ಹೆಂಗಸರೆಲ್ಲ ಹರಿದ ಚಾದರದ ಪಟ್ಟಿಯನ್ನು ಬಿಗಿಯಾಗಿ ಕಟ್ಟಿಕೊಂಡೇ ಕೆಲಸಕ್ಕೆ ನಿಲ್ಲುವುದು. ಹೊಸಬರಿಗೆ ಮೊದಲ ದಿನ ಅದನ್ನೇ ಕಲಿಸುತ್ತೇವೆ. ಆದರೆ ಅದು ಜಾರುತ್ತದೆ. ನೀವು ಗಟ್ಟಿ ಬಟ್ಟೆಯಲ್ಲಿ, ಗೇಣಗಲ, ಕೊಕ್ಕೆ ಹಾಕಿ ಒಂದು ಹೊಲಿದುಕೊಡುತ್ತೀರಾ? ಅಳತೆ ಈ ಕಾಗದದ ಹಿಂಬದಿ ಬರೆದಿದ್ದೇನೆ.

ಬುಗುರಿ


ಮಾರ್ಚ್ 29

ಬುಗುರಿಗೆ,

ಪಟ್ಟಿ ಕಳಿಸಿದ್ದೇನೆ. ಅಂಗಡಿಯಲ್ಲಿ ಸಿಗುವ ಬಟ್ಟೆ ಯಾವುದೂ ನೀನು ಹೇಳಿದಷ್ಟು ಗಟ್ಟಿ ಇರಲಿಲ್ಲ. ಕೊನೆಗೆ ನಿಮ್ಮಣ್ಣ ಕೆಲಸಕ್ಕೆ ಕಟ್ಟಿಕೊಳ್ಳುತ್ತಿದ್ದ ಏಪ್ರನ್ನನ್ನೇ ಕತ್ತರಿಸಿದೆ. ಎಣ್ಣೆಯ ವಾಸನೆ ಎಷ್ಟು ಒಗೆದರೂ ಹೋಗಲಿಲ್ಲ. ಆಮೇಲೆ ಒಗೆಯುವುದನ್ನು ಬಿಟ್ಟೆ.

ಬರಲಾಗುವುದಿಲ್ಲ ಎಂದು ಬರೆದಿದ್ದೀಯ. ಸರಿ. ಅವರದೊಂದು ತುಂಡಾದರೂ ನಿನ್ನ ಮೈಮೇಲೆ ಇರಲಿ.

ಅತ್ತಿಗೆ


ಏಪ್ರಿಲ್ 16

ಅತ್ತಿಗೆಯವರಿಗೆ,

ನಿಮ್ಮ ಪಟ್ಟಿ ನೋಡಿ ಲಾಂಡ್ರಿಯಲ್ಲಿ ಎಲ್ಲರಿಗೂ ಹೊಟ್ಟೆಕಿಚ್ಚು. ಕಂಬಕ್ಕ ಅದನ್ನು ತಿರುಗಿಸಿ ತಿರುಗಿಸಿ ನೋಡಿ, ನನಗೂ ಒಬ್ಬ ಅತ್ತಿಗೆ ಇದ್ದಾಳೆ, ಗುಂಡಿ ಹಚ್ಚಲೂ ಬರಲ್ಲ ಎಂದಳು. ಇನ್ನೂ ಆರು ಬೇಕಂತೆ. ನಿಮಗೂ ಕೈತುಂಬ ಕೆಲಸವಾಗುತ್ತದೆ. ಅಳತೆಗಳು ಇದರೊಂದಿಗಿವೆ. ಅದರಲ್ಲಿ ಎರಡಕ್ಕೆ ಮಾತ್ರ ಕೆಳಗಿನಿಂದ ಕಾಲಸಂದಿಯಲ್ಲಿ ಹಾದು ಹಿಂದೆ ಕೊಕ್ಕೆ ಬೀಳುವ ಹಾಗೆ ಒಂದು ಕಿರುಪಟ್ಟಿ ಇರಲಿ, ಒಳಗೆ ಮೆತ್ತಗೆ. ಇಲ್ಲದಿದ್ದರೆ ಪಟ್ಟಿ ಮೇಲಕ್ಕೇರುತ್ತದೆ. ಒಂದು ನನ್ನ ಅಳತೆಗೆ. ನನ್ನದನ್ನು ಇನ್ನೂ ಎರಡು ಬೆರಳು ಬಿಗಿ ಮಾಡಿ.

ಬೆಂಚು ಮಾರಿಬಿಡಿ. ನನಗೇನೂ ಬೇಡ.

ಬುಗುರಿ


ಮೇ 1

ಬುಗುರಿಗೆ,

ನಾಲ್ಕು ಪಟ್ಟಿ ಕಳಿಸಿದ್ದೇನೆ. ಉಳಿದ ಎರಡನ್ನು ಹೊಲಿಯಲಿಲ್ಲ.

ಬೆನ್ನುನೋವಿಗೆ ಕಟ್ಟುವ ಪಟ್ಟಿ ಸೊಂಟದಲ್ಲಿ ನಿಲ್ಲುತ್ತದೆ. ನೀನು ಬರೆದ ಅಳತೆ ಕಿಬ್ಬೊಟ್ಟೆಯದು. ಮೊದಲ ಸಲ ಏಪ್ರನ್ನಿನ ಯೋಚನೆಯಲ್ಲಿ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕಾಲಸಂದಿಯ ಪಟ್ಟಿಗೂ ಬೆನ್ನಿಗೂ ಏನು ಸಂಬಂಧ? ಅಂಥದ್ದನ್ನು ನಾನು ಹಿಂದೆ ಒಬ್ಬರಿಗೆ ಹೊಲಿದುಕೊಟ್ಟಿದ್ದೇನೆ. ನಿಮ್ಮಮ್ಮನಿಗೆ.

ಕೊನೆಯ ಎರಡು ವರ್ಷ ಅತ್ತೆಗೆ ಸ್ನಾನ ಮಾಡಿಸಿದ್ದು ನಾನೇ. ಗರ್ಭಕೋಶ ಪೂರ್ತಿ ಜಾರಿ ಹೊರಗೆ ಬರುತ್ತಿತ್ತು. ಕೈಯಿಂದ ಒಳಗೆ ತಳ್ಳಿ ಪಟ್ಟಿ ಕಟ್ಟಬೇಕಿತ್ತು. ಡಾಕ್ಟರಿಗೆ ತೋರಿಸೋಣ ಎಂದು ಕೈಮುಗಿದು ಕೇಳಿದೆ. "ಇದನ್ನ ಇನ್ನೊಬ್ರಿಗೆ ತೋರ್ಸೋ ವಯಸ್ಸೇನೇ ನಂದು? ನನ್ನ ಮಕ್ಕಳ ಕಿವಿಗೂ ಹಾಕ್ಬೇಡ" ಎಂದರು. ನಿಮ್ಮಣ್ಣನಿಗೂ ನಾನು ಹೇಳಲಿಲ್ಲ. ಈಗ ಅವರಿಬ್ಬರೂ ಇಲ್ಲ. ಕೊಟ್ಟ ಮಾತನ್ನು ಇನ್ನು ಯಾರಿಗೋಸ್ಕರ ಉಳಿಸಿಕೊಳ್ಳಲಿ?

ನಾನು ತಪ್ಪು ತಿಳಿದಿದ್ದರೆ ಬೈದು ಬರೆ. ಸರಿಯಾಗಿದ್ದರೂ ಬರೆ.

ಅತ್ತಿಗೆ


ಮೇ 30

ಬುಗುರಿಗೆ,

ನಿನ್ನ ಪತ್ರ ಬರಲಿಲ್ಲ. ಕೇಳಬಾರದ್ದನ್ನು ಕೇಳಿದೆನೇನೋ. ಬೆಂಚನ್ನು ಮಾರಿಲ್ಲ. ಬಡಗಿ ಎರಡು ಸಲ ಬಂದು ಹೋದ. ಈ ಮನೆಯಲ್ಲಿ ಉತ್ತರ ಸಿಗದೆ ಹೋಗುವವರೇ ಹೆಚ್ಚಾಗಿದ್ದಾರೆ. ನನ್ನನ್ನೂ ಅವರ ಜೊತೆ ಸೇರಿಸಬೇಡ.

ಅತ್ತಿಗೆ


ಜೂನ್ 14

ಅತ್ತಿಗೆಯವರಿಗೆ,

ಸಿಟ್ಟು ಬಂದದ್ದು ನಿಜ. ನಿಮ್ಮ ಮೇಲಲ್ಲ, ಅಮ್ಮನ ಮೇಲೆ. ಮಗಳು ಹುಟ್ಟಿ ಎರಡು ತಿಂಗಳಿಗೇ ಚಾದರ ಎತ್ತಲು ಹೋದೆ. ಆವಾಗ ಶುರುವಾದದ್ದು. ಇದು ನನ್ನೊಬ್ಬಳಿಗೇ ಅಂಟಿದ ಪೀಡೆ ಎಂದುಕೊಂಡೇ ಅವಳನ್ನು ದೊಡ್ಡವಳು ಮಾಡಿದೆ. ಊರಿಗೆ ಬಂದಾಗೆಲ್ಲ ಅಮ್ಮನೂ ಬೆನ್ನುನೋವು ಅನ್ನುತ್ತಿದ್ದಳು, ನಾನೂ ಬೆನ್ನುನೋವು ಅನ್ನುತ್ತಿದ್ದೆ. ಒಬ್ಬರ ಬೆನ್ನಿಗೆ ಒಬ್ಬರು ಮುಲಾಮು ತಿಕ್ಕಿಕೊಂಡು ಮಲಗುತ್ತಿದ್ದೆವು. ತಂತಮ್ಮ ನೋವು ಬೆನ್ನಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನೆನೆಸಿಕೊಂಡರೆ ನಗು ಬರುತ್ತದೆ, ಆಮೇಲೆ ನಗು ನಿಲ್ಲುತ್ತದೆ.

ನಿಮ್ಮ ಪತ್ರ ಓದಿದ ಮೇಲೆ ಸರ್ಕಾರಿ ಆಸ್ಪತ್ರೆಗೆ ಹೋದೆ. ಬೆಂಚಿನ ತುಂಬ ನನ್ನಂಥವರೇ. ಏನಾಗಿದೆ ಎಂದು ಕೇಳಿದರೆ ಎಲ್ಲರಿಗೂ ಬೆನ್ನುನೋವು. ಒಳಗೆ ಹೋಗಿ ಬಂದವರು ಮಾತ್ರ ಮುಖ ತಪ್ಪಿಸುತ್ತಿದ್ದರು. ಡಾಕ್ಟರಮ್ಮ ವಯಸ್ಸಿನಲ್ಲಿ ಚಿಕ್ಕವರು. ಹೆತ್ತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ಇದು ಸ್ವಲ್ಪವಾದರೂ ಇರುತ್ತದಂತೆ. ತುಂಬ ಜನಕ್ಕೆ ತೊಂದರೆ ಕೊಡುವುದಿಲ್ಲ, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ. ಮೊದಲು ಒಂದು ರಬ್ಬರಿನ ಬಳೆಯಂಥದ್ದನ್ನು ಒಳಗೆ ಕೂರಿಸಿದರು. ಮಾರನೆಯ ದಿನವೇ ಗಂಟು ಎತ್ತುವಾಗ ಜಾರಿ ಬಂತು. ನಾನು ಆಪರೇಷನ್ನಿನ ಪೈಕಿ.

ಇನ್ನೊಂದು ಮಾತು. ಬೇಸರ ಮಾಡಿಕೊಳ್ಳಬೇಡಿ. ಪಟ್ಟಿ ನೋಡಿ ಅವರು, ಹೊಟ್ಟೆಯನ್ನು ಮೇಲಿನಿಂದ ಹೀಗೆ ಬಿಗಿದರೆ ಒಳಗಿನ ಒತ್ತಡವೆಲ್ಲ ಕೆಳಕ್ಕೇ ಅಲ್ಲವಾ ಎಂದರು. ಎತ್ತಿ ಹಿಡಿಯುತ್ತದೆ ಎಂದು ನಾವು ಕಟ್ಟುತ್ತಿದ್ದದ್ದು ಕೆಳಗೆ ತಳ್ಳುತ್ತಿತ್ತು. ಹೊಸಬರಿಗೂ ಕಲಿಸಿದ್ದೇವೆ.

ಅಣ್ಣ ಹೋದ ದಿನದ್ದು ಹೇಳುತ್ತೇನೆ. ಅಷ್ಟು ದೂರ ಬಸ್ಸಿನಲ್ಲಿ ಕೂತು ಬಂದಿದ್ದೆ. ತಡೆದುಕೊಳ್ಳಲಾಗದೆ ಸೀರೆ ಹಿಂದೆ ಒದ್ದೆಯಾಗಿತ್ತು. ಅದಕ್ಕೇ ಗೋಡೆಗೆ ಒರಗಿದ್ದು. ಕೂತಿದ್ದರೆ ಏಳಲು ಆಗುತ್ತಿರಲಿಲ್ಲ. ಬಿಕ್ಕಿ ಅತ್ತರೆ, ಕೆಮ್ಮಿದರೆ, ಸೀನಿದರೆ ಅದು ಕೆಳಗೆ ಬರುತ್ತದೆ ಅತ್ತಿಗೆ. ಹಲ್ಲು ಕಚ್ಚಿ ನಿಂತಿದ್ದೆ. ಕಲ್ಲಿನಂಥವಳು ಎಂದು ಯಾರೋ ಅಂದದ್ದು ಕೇಳಿಸಿತು. ನೀವೂ ಹಾಗೇ ಅಂದುಕೊಂಡಿರಿ ಎಂದು ನಿಮ್ಮ ಮೊದಲ ಪತ್ರದಲ್ಲೇ ಗೊತ್ತಾಯಿತು.

ಆಪರೇಷನ್ ಮಾಡಿಸುವುದಿಲ್ಲ. ಆಸ್ಪತ್ರೆಯವರು ದುಡ್ಡು ಕೇಳುವುದಿಲ್ಲ. ಆದರೆ ಮೂರು ತಿಂಗಳು ಭಾರ ಎತ್ತಬಾರದು. ಅದರ ಬೆಲೆ ಯಾವ ಬೋರ್ಡಿನಲ್ಲೂ ಬರೆದಿಲ್ಲ. ನಾನು ನಿಂತರೆ ಕಂಬಕ್ಕನ ಕೂಲಿಯೂ ನಿಲ್ಲುತ್ತದೆ. ಮುರಿದ ಜೋಡಿಯನ್ನು ಲಾಂಡ್ರಿಯವರು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಇಷ್ಟು ದಿನ ನಡೆದಿದೆ, ಹೀಗೇ ನಡೆಯುತ್ತದೆ ಬಿಡಿ.

ಬುಗುರಿ


ಜೂನ್ 24

ಬುಗುರಿಗೆ,

ನಿನ್ನ ಪತ್ರವನ್ನು ಅಂಗಡಿ ಕೋಣೆಯಲ್ಲಿ ಕೂತು ಓದಿದೆ. ನೀನು ಅಂದು ಒರಗಿ ನಿಂತ ಜಾಗ ಎದುರಿಗೇ ಇದೆ. ಕಲ್ಲಿನಂಥವಳು ಎಂದು ಬಾಯಿಬಿಟ್ಟು ಅಂದವಳು ನಾನಲ್ಲ. ಮನಸ್ಸಿನಲ್ಲಿ ಅಂದಿದ್ದೆ.

ಆ ಪಟ್ಟಿಯನ್ನು ಎಸೆದುಬಿಡು. ಅಣ್ಣನ ಏಪ್ರನ್ ಎಂದು ಇಟ್ಟುಕೊಳ್ಳಬೇಡ. ಕೆಲಸಕ್ಕೆ ಬಾರದ ಬೀಗವನ್ನು ಅವರು ಒಂದು ದಿನವೂ ಗೋಡೆಗೆ ತೂಗುಹಾಕಿದವರಲ್ಲ.

ಜೋಡಿ ಮುರಿಯಬಾರದು, ಅಷ್ಟೇ ತಾನೇ? ನಿನ್ನ ಜಾಗದಲ್ಲಿ ಮೂರು ತಿಂಗಳು ನಾನು ನಿಲ್ಲುತ್ತೇನೆ. ನಗಬೇಡ. ನನಗೆ ಮಕ್ಕಳಾಗಲಿಲ್ಲ. ಅದನ್ನು ಕೊರತೆ ಎಂದು ಲೆಕ್ಕ ಹಿಡಿದವರೇ ಎಲ್ಲರೂ, ನಾನೂ ಸೇರಿ. ಈಗ ಆ ಗಟ್ಟಿ ಮೈ ಒಂದು ಕೆಲಸಕ್ಕೆ ಬರಲಿ. ನಿಮ್ಮ ಮನೆ ಮೂರನೇ ಮಹಡಿ, ನೀರು ಕೆಳಗಿನಿಂದ ಹೊರಬೇಕು. ಅಲ್ಲಿ ನೀನು ಸುಮ್ಮನೆ ಮಲಗುವವಳಲ್ಲ. ಇಲ್ಲಿ ನಲ್ಲಿ ಅಡುಗೆಮನೆಯಲ್ಲೇ ಇದೆ. ನೀನು ಇಲ್ಲಿಗೆ ಬಾ, ನಾನು ಅಲ್ಲಿಗೆ ಬರುತ್ತೇನೆ. ಮೇಲ್ವಿಚಾರಕರನ್ನು ಕೇಳಿ ಬರೆ.

ಅತ್ತಿಗೆ


ಜುಲೈ 5

ಅತ್ತಿಗೆಯವರಿಗೆ,

ನೀವು ಕೂತು ಹೊಲಿಗೆ ಕೆಲಸ ಮಾಡಿದವರು. ನಿಮ್ಮಿಂದ ಆಗುವುದಿಲ್ಲ ಎಂದು ಬರೆಯಲು ಎರಡು ಸಲ ಕೂತೆ. ಬರೆದು ಹರಿದೆ.

ಮೇಲ್ವಿಚಾರಕರನ್ನು ಕೇಳಿದೆ. ಮನೆಯವರನ್ನೇ ಬದಲಿಗೆ ಕಳಿಸುವುದಾದರೆ, ಜೋಡಿಯವಳು ಒಪ್ಪಿದರೆ, ನನ್ನ ಜಾಗ ಹೋಗುವುದಿಲ್ಲವಂತೆ. ಏನು ಕಾಯಿಲೆ ಎಂದು ಕೇಳಿದರು. ಹೆಂಗಸರದ್ದು ಎಂದೆ. ಕೂಡಲೇ ಕಿಟಕಿಯ ಕಡೆ ತಿರುಗಿ, ಆಯ್ತು ಆಯ್ತು ಎಂದರು. ಇಷ್ಟು ಬೇಗ ಅವರು ಯಾವತ್ತೂ ಏನನ್ನೂ ಒಪ್ಪಿದವರಲ್ಲ.

ಕಂಬಕ್ಕನಿಗೆ ಹೇಳುವುದೇ ಕಷ್ಟವಾಗಿತ್ತು. ಇಷ್ಟು ವರ್ಷ ಎದುರುಬದುರು ನಿಂತಿದ್ದೇವೆ, ಅವಳ ಮನೆಯಲ್ಲಿ ಇವತ್ತು ಏನು ಸಾರು ಎಂದೂ ನನಗೆ ಗೊತ್ತು, ಇದು ಮಾತ್ರ ಅವಳಿಗೆ ಗೊತ್ತಿಲ್ಲ. ರೋಲರಿನ ಸದ್ದಿನಲ್ಲಿ ಹೇಳಿದೆ. ಅವಳು ಚಾದರ ಬಿಡಲಿಲ್ಲ. ಅದರ ಮೂಲೆ ಸರಿಮಾಡುತ್ತಲೇ ಅಂದಳು:

"ನೀನು ಮೊದ್ಲು ರಿಪೇರಿ ಮಾಡಿಸ್ಕೊಂಡು ಬಾರೇ. ನಿನ್ನ ನೋಡ್ಕೊಂಡು ಆಮೇಲೆ ನಾನೂ ಹೋಗ್ತೀನಿ."

ಆ ಇನ್ನೊಂದು ಕಾಲಸಂದಿಯ ಪಟ್ಟಿ ಕೇಳಿದ್ದು ಅವಳೇ. ತಂಗಿಗೆ ಬೇಕು ಎಂದು ಸುಳ್ಳು ಹೇಳಿದ್ದಳು.

ನಮ್ಮ ಯಜಮಾನರಿಗೂ ಹೇಳಿದೆ. ಮೊದಲೇ ಹೇಳಬಾರದಿತ್ತಾ ಎಂದರು. ಆಮೇಲೆ ಏನು ಮಾಡಬೇಕೋ ತೋಚದೆ ಬಿಂದಿಗೆ ತೆಗೆದುಕೊಂಡು ಕೆಳಗಿಳಿದರು. ನೀರು ತಂದು ಇಡುವ ಹೊತ್ತಿಗೆ ಅರ್ಧ ಮೆಟ್ಟಿಲ ಮೇಲೇ ಇತ್ತು.

ಆಪರೇಷನ್ನಿನ ಸರದಿ ಈ ತಿಂಗಳ ಕೊನೆಗೆ ಬಂದಿದೆ. ಬನ್ನಿ.

ಬುಗುರಿ


ಆಗಸ್ಟ್ 27

ಬುಗುರಿಗೆ,

ಆಪರೇಷನ್ ಮುಗಿದು ನಿನ್ನನ್ನು ಊರಿಗೆ ಬಸ್ಸಿನ ಮುಂದಿನ ಸೀಟಿನಲ್ಲಿ ದಿಂಬಿನ ಮೇಲೆ ಕೂರಿಸಿ ಕಳಿಸಿದ ಮೇಲೆ ನಿನ್ನ ಯಜಮಾನರು ನನ್ನ ಹತ್ತಿರ ಮಾತೇ ಆಡಿರಲಿಲ್ಲ. ನಿನ್ನೆ ಆಡಿದರು. ಬಿಂದಿಗೆ ಪೂರ್ತಿ ತುಂಬಿಸಬಾರದು, ಮುಕ್ಕಾಲು ತುಂಬಿಸಿದರೆ ಚೆಲ್ಲುವುದಿಲ್ಲ ಎಂದು ನನಗೇ ಹೇಳಿಕೊಟ್ಟರು. ನಿನ್ನ ಮಗಳು ಒಳಗೆ ಹೋಗಿ ನಕ್ಕಳು.

ಮೊದಲ ವಾರ ನನಗೆ ಚಾದರದ ಮೂಲೆಯೇ ಸಿಗುತ್ತಿರಲಿಲ್ಲ. ಮೊಣಕೈ ಸುಟ್ಟುಕೊಂಡೆ. "ನಿನ್ನ ನಾದಿನಿ ಹಿಡಿದ್ರೆ ಇಳಿಜಾರು, ನೀನು ಹಿಡಿದ್ರೆ ಜೋಕಾಲಿ" ಎಂದು ಕಂಬಕ್ಕ ಗೇಲಿ ಮಾಡುತ್ತಾಳೆ. ಆದರೆ ಬೈಯುತ್ತಲೇ ಭಾರದ ತುದಿಯನ್ನು ತಾನೇ ಎಳೆದುಕೊಳ್ಳಲು ನೋಡುತ್ತಾಳೆ. ನಾನು ಬಿಡುವುದಿಲ್ಲ. ಇಬ್ಬರೂ ಜಗಳವಾಡುತ್ತೇವೆ. ಬಹಳ ತಿಂಗಳ ನಂತರ ನನಗೆ ಹಗಲು ಬೇಗ ಕಳೆಯುತ್ತಿದೆ.

ಪಟ್ಟಿಯ ವಿಷಯ ನಾನೇ ಹೇಳಬೇಕಿತ್ತು. ಹೊಲಿದವಳು ನಾನು. ಚಹಾ ಕುಡಿಯುವಾಗ ಎಲ್ಲರೆದುರು ಹೇಳಿದೆ, ಅತ್ತೆಯ ಕಥೆಯನ್ನೂ ಹೇಳಿದೆ. ಸ್ವಲ್ಪ ಹೊತ್ತಿಗೆ ಒಬ್ಬಳು ಸೆರಗಿನ ಮರೆಯಲ್ಲಿ ಕೊಕ್ಕೆ ಬಿಚ್ಚಿದಳು. ಆಮೇಲೆ ಇನ್ನೊಬ್ಬಳು. ಎಲ್ಲರೂ ಬಿಚ್ಚಲಿಲ್ಲ. ಮಡಚುವ ಮೇಜಿನ ಅಜ್ಜಿ ನನ್ನನ್ನು ಕೇಳಿದರು, "ಇದನ್ನ ಬಿಚ್ಚಿದ್ರೆ ನಾನು ನಿಲ್ಲೋದು ಹೇಗಮ್ಮ?" ಮಾರನೆಯ ದಿನ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಆ ಬಳೆ ನಿನಗೆ ನಿಲ್ಲಲಿಲ್ಲ, ಅವರಿಗೆ ನಿಂತಿದೆ.

ಈಗ ಗಂಟನ್ನು ಒಂದೇ ಸಲ ಎತ್ತದೆ ಅರ್ಧರ್ಧ ಎತ್ತುತ್ತೇವೆ. ಹೊತ್ತು ಹೆಚ್ಚು ಹಿಡಿಯುತ್ತದೆ. ಈ ವಾರ ಎಲ್ಲ ಜೋಡಿಗಳಿಗೂ ಕೂಲಿ ಕಡಿಮೆ ಬಂತು. ಗೊಣಗಿದವರೂ ಇದ್ದಾರೆ. ಅವರದೂ ತಪ್ಪಲ್ಲ.

ಅಲ್ಲಿ ಏನನ್ನೂ ಎತ್ತಬೇಡ.

ಅತ್ತಿಗೆ


ಸೆಪ್ಟೆಂಬರ್ 22

ಅತ್ತಿಗೆಯವರಿಗೆ,

ಎತ್ತುತ್ತಿಲ್ಲ. ನೀರಿನ ಚೊಂಬನ್ನೂ ಸಂಶಯದಿಂದ ನೋಡುತ್ತೇನೆ. ಹೊಟ್ಟೆಯ ಕೆಳಗೆ ಏನೂ ಎಳೆಯುವುದಿಲ್ಲ ಎಂಬುದಕ್ಕೇ ಇನ್ನೂ ಒಗ್ಗಿಲ್ಲ. ಬೆಳಿಗ್ಗೆ ಎದ್ದು ಸುಮ್ಮನೆ ಒಂದು ಸಲ ಕೆಮ್ಮಿ ನೋಡುತ್ತೇನೆ. ಪಕ್ಕದ ಮನೆಯವರು ಕೆಮ್ಮಿಗೆ ಔಷಧಿ ತಂದುಕೊಟ್ಟಿದ್ದಾರೆ.

ಜನ ಬರುತ್ತಿರುತ್ತಾರೆ. ಇವತ್ತು ಒಬ್ಬ ಮುದುಕರು ಬಂದು, ಯಜಮಾನರು ಎಷ್ಟು ಹೊತ್ತಿಗೆ ಬರುತ್ತಾರೆ ಎಂದು ಕೇಳಿದರು. "ನಮ್ಮಣ್ಣ ಇನ್ನು ಬರಲ್ಲ" ಎಂದೆ. ಅಷ್ಟೇ ಹೇಳಿದ್ದು. ಬೆಂಚಿನ ಅಂಚು ಹಿಡಿದು ಅಲ್ಲೇ ಕೂತೆ. ಬೀದಿಗೆ ಕೇಳುವಷ್ಟು ಅತ್ತೆ. ಪಾಪ, ಆ ಮುದುಕರು ಬೀಗವನ್ನು ಕೈಯಲ್ಲಿ ಹಿಡಿದು, ಅವಸರವೇನಿಲ್ಲಮ್ಮ, ಅವಸರವೇನಿಲ್ಲ ಎನ್ನುತ್ತ ನಿಂತಿದ್ದರು.

ಇಲ್ಲಿನ ಆಸ್ಪತ್ರೆಯಲ್ಲಿ ತೋರಿಸಿದೆ. ಹೊಲಿಗೆ ಚೆನ್ನಾಗಿ ಕೂಡಿದೆಯಂತೆ. ಆದರೆ ಮೂರು ತಿಂಗಳಾದ ಮೇಲೂ ಒದ್ದೆ ಗಂಟು ಎತ್ತಬಾರದು, ಎತ್ತಿದರೆ ಮತ್ತೆ ಜಾರಬಹುದು ಎಂದರು. ಮೂರು ತಿಂಗಳು ಅಂದದ್ದು ಮೂರು ತಿಂಗಳಲ್ಲ ಅತ್ತಿಗೆ. ಅಂದರೆ ನೀವು ನನ್ನ ಜಾಗ ಕಾದದ್ದೆಲ್ಲ ದಂಡ. ಕಂಬಕ್ಕನಿಗೆ ಬೇರೆ ಜೋಡಿ ಹುಡುಕಲು ಹೇಳಿ. ನನ್ನಿಂದ ಹೇಳಲಾಗುವುದಿಲ್ಲ.

ಬುಗುರಿ


ಅಕ್ಟೋಬರ್ 26

ಬುಗುರಿಗೆ,

ಉತ್ತರ ತಡವಾಯಿತು. ಸುಮ್ಮನೆ ಸಮಾಧಾನದ ಮಾತು ಬರೆಯಲು ನನಗೆ ಇಷ್ಟವಿರಲಿಲ್ಲ. ಹೇಳಲು ಏನಾದರೂ ಸಿಗಲಿ ಎಂದು ಕಾದೆ.

ಕಂಬಕ್ಕನ ಸರದಿ ಬಂದಿದೆ. ಸೋಮವಾರ ಆಸ್ಪತ್ರೆಗೆ ಸೇರುತ್ತಾಳೆ. ನಿನ್ನ ಪತ್ರವನ್ನು ಅವಳಿಗೆ ಓದಿ ಹೇಳಿದೆ. ಆಪರೇಷನ್ ಬೇಡ ಎನ್ನುತ್ತಾಳೇನೋ ಎಂದು ಹೆದರಿದ್ದೆ. "ಕೆಮ್ಮಿ ನೋಡ್ತಾಳಂತಾ? ಏನೂ ಆಗಲ್ವಂತಾ?" ಎಂದಳು. ಅಷ್ಟೇ ಸಾಕಾಯಿತು ಅವಳಿಗೆ.

ಅವಳ ಬದಲಿಗೆ ಅವಳ ತಂಗಿ ಬರುತ್ತಾಳೆ. ತಂಗಿ ನಿಜಕ್ಕೂ ಇದ್ದಾಳೆ. ಒದ್ದೆ ಕಡೆ ನಾನೂ ಅವಳೂ ಜೋಡಿ. ನಾನು ಸದ್ಯಕ್ಕೆ ಊರಿಗೆ ಹಿಂತಿರುಗುವುದಿಲ್ಲ. ನಿನ್ನ ಯಜಮಾನರಿಗೂ ಹೇಳಿದ್ದೇನೆ. ಹಾಗಾದರೆ ಇನ್ನೊಂದು ಬಿಂದಿಗೆ ತರ್ತೀನಿ ಎಂದರು.

ನಿನ್ನ ವಿಷಯ ಮೇಲ್ವಿಚಾರಕರ ಹತ್ತಿರ ಮಾತಾಡಲು ನಾವು ಐದು ಜನ ಹೋದೆವು. ಇನ್ನೂ ಎಷ್ಟು ಜನ ಇದ್ದೀರಿ ಇದರಲ್ಲಿ ಎಂದು ಕೇಳಿದರು. ಯಾರೂ ಅಲ್ಲಿಂದ ಕದಲಲಿಲ್ಲ. ಈ ಸಲ ಅವರು ಕಿಟಕಿಯ ಕಡೆ ತಿರುಗಲಿಲ್ಲ. ರೋಲರಿನ ಆಚೆ ಕಡೆ ಒಣಗಿ ಬರುವ ಚಾದರ ಹಿಡಿದು ಮಡಚಲು ನಿನ್ನನ್ನು ಹಾಕಿಕೊಳ್ಳುತ್ತಾರೆ. ಕೂಲಿ ಕಡಿಮೆ. ಮೊದಲಿನಷ್ಟು ಬೇಕೆಂದು ಕೇಳಿದೆವು, ಒಪ್ಪಲಿಲ್ಲ. ಮತ್ತೆ ಕೇಳುತ್ತೇವೆ.

ಮುಂದಿನ ವಾರ ಹೊರಡು. ಅಂಗಡಿ ಕೋಣೆಗೆ ಬೀಗ ಹಾಕಿಕೊಂಡು ಬಾ. ಹೊಲಿಗೆ ಮಿಷನ್ನನ್ನು ಬಡಗಿ ಬಸ್ಸಿಗೆ ಹಾಕಿ ಕಳಿಸಲಿ, ನೀನು ಮುಟ್ಟಬೇಡ.

ಈ ಕಡೆಯಿಂದ ಚಾದರ ಬಿಡುವವಳು ನಾನು. ಒದ್ದೆಯೆಲ್ಲ ಇಲ್ಲೇ ಇಳಿದುಹೋಗುತ್ತದೆ. ನಿನ್ನ ಕೈಗೆ ಬರುವ ಹೊತ್ತಿಗೆ ಅದು ಬಿಸಿಯಾಗಿ, ಹಗುರವಾಗಿರುತ್ತದೆ.

ಅತ್ತಿಗೆ